ಚಿಕ್ಕಮ್ಮನ ಕಾಲ್ಬೆರಳೂ ಕಣ್ಣಿಗೆ ಕಾಣದ ಕೊಳವೆಯೂ

ಪೆರ್ಲದ ಹತ್ತಿರ ನಮ್ಮ ಚಿಕ್ಕಮ್ಮನ ಮನೆ. ಸ್ತನದ ಕ್ಯಾನ್ಸರಿಗೆ ಮಂಗಳೂರಿನಲ್ಲಿ ಕಿಮೋ ಆಗುತ್ತಿದ್ದಾಗ ಒಂದು ದಿನ ತೋಟದಿಂದ ಬಂದರು, ಒಂದು ಕಾಲಲ್ಲಿ ಚಪ್ಪಲಿ ಇಲ್ಲ. "ಎಲ್ಲಿ ಬಿತ್ತೋ, ಗೊತ್ತೇ ಆಗಲಿಲ್ಲ ಮಗಾ" ಅಂದರು. ಎರಡೂ ಕಾಲಿನ ಬೆರಳಿಗೆ ಜೋಮು ಹಿಡಿದ ಹಾಗೆ. ಆಮೇಲೆ ಕೈಬೆರಳಿನ ತುದಿಗೂ. ಮದ್ದು ಹೋಗುವುದು ಇಡೀ ಮೈಗೆ ಅಲ್ವಾ, ಮತ್ತೆ ತುದಿಗೇ ಯಾಕೆ ಮೊದಲು? ಈ ಪ್ರಶ್ನೆ ನನ್ನನ್ನು ಬಿಡಲೇ ಇಲ್ಲ.

ಹುಡುಕುತ್ತಾ ಹೋದಾಗ ಸಿಕ್ಕಿದ್ದು ಮೈಕ್ರೋಟ್ಯೂಬ್ಯೂಲ್, ಅಂದರೆ ಕೋಶದ ಒಳಗಿರುವ ಅತಿ ಸಣ್ಣ ಕೊಳವೆ. ಕಾಲ್ಬೆರಳಿನ ಸ್ಪರ್ಶ ತಿಳಿಯುವ ನರಕೋಶದ ಮೈ ಇರುವುದು ಬೆನ್ನುಮೂಳೆಯ ಪಕ್ಕದಲ್ಲಿ. ಅಲ್ಲಿಂದ ಬೆರಳಿಗೆ ಇಳಿಯುವ ಅದರ ಎಳೆ ಸುಮಾರು 1 ಮೀಟರ್ ಉದ್ದ! ತುದಿಗೆ ಬೇಕಾದ ಪ್ರೋಟೀನ್ ಹೆಚ್ಚಿನದೂ ಮೇಲೆ ತಯಾರಾಗಿ ಕೆಳಗೆ ಬರಬೇಕು. ಬರುವ ದಾರಿ ಈ ಕೊಳವೆಗಳು. ಟ್ಯೂಬ್ಯುಲಿನ್ ಅನ್ನುವ ಪ್ರೋಟೀನಿನ ಜೋಡಿಗಳು ಸಾಲುಗಟ್ಟಿ, ಸಾಮಾನ್ಯವಾಗಿ ಅಂಥ 13 ಸಾಲು ಸುತ್ತ ಸೇರಿದರೆ 25 ನ್ಯಾನೋಮೀಟರ್ ದಪ್ಪದ ಒಂದು ಕೊಳವೆ. ಗುಡ್ಡ ಕೊರೆದು ಮಾಡಿದ ನಮ್ಮ ಸುರಂಗದ ನೀರಿನ ಹಾಗೆ ಸಾಮಾನು ಒಳಗಿಂದ ಬರುತ್ತದೆ ಅಂತ ನಾನು ತಿಳಿದಿದ್ದೆ. ಹಾಗಲ್ಲ. ಅಡಿಕೆ ಮರ ಹತ್ತುವವರ ಹಾಗೆ, ಕೈನೆಸಿನ್ ಎಂಬ ಪ್ರೋಟೀನ್ ಹೊರೆ ಹೊತ್ತುಕೊಂಡು ಕೊಳವೆಯ ಹೊರಮೈ ಹಿಡಿದೇ ಸಾಗುತ್ತದೆ. ಒಂದು ಹೆಜ್ಜೆಗೆ 8 ನ್ಯಾನೋಮೀಟರ್. 1 ಮೀಟರಿಗೆ ಲೆಕ್ಕ ಹಾಕಿದೆ: 12.5 ಕೋಟಿ ಹೆಜ್ಜೆ.

ಬೆನ್ನಿನಿಂದ ಬೆರಳಿನವರೆಗೆ ಒಂದೇ ಕೊಳವೆ ಅಲ್ಲ, ತುಂಡು ತುಂಡು. ಎಲ್ಲದರ ಚುರುಕಾಗಿ ಬೆಳೆಯುವ ಕೊನೆ ನರದ ತುದಿಯ ಕಡೆಗೇ ಇರುತ್ತದೆ. ಆ ಕೊನೆ ಸುಮ್ನೆ ನಿಲ್ಲುವುದಿಲ್ಲ, ಬೆಳೆಯುತ್ತದೆ, ಇದ್ದಕ್ಕಿದ್ದಂತೆ ಬಿಚ್ಚಿಕೊಳ್ಳುತ್ತದೆ, ಪುನಃ ಬೆಳೆಯುತ್ತದೆ. 1984ರಲ್ಲಿ ವಿಜ್ಞಾನಿಗಳಾದ ಟಿಮ್ ಮಿಚಿಸನ್ ಮತ್ತು ಮಾರ್ಕ್ ಕಿರ್ಷ್ನರ್ ಇದನ್ನು ತೋರಿಸಿಕೊಟ್ಟರು. ಹೊಸದಾಗಿ ಸೇರಿದ ಟ್ಯೂಬ್ಯುಲಿನಿನಲ್ಲಿ ಜಿಟಿಪಿ ಎಂಬ ಸಣ್ಣ ಅಣು ಇರುವಷ್ಟು ಹೊತ್ತು ಅದು ಕೊನೆಗೆ ಟೋಪಿ ಇಟ್ಟ ಹಾಗೆ, ಕೊನೆ ಗಟ್ಟಿ, ಆ ಟೋಪಿ ಕಳಚಿತೋ, ಕೊಳವೆ ಸರ್ರನೆ ಬಿಚ್ಚಿಹೋಗುತ್ತದೆ. ನನಗೆ ಇಡೀ ವಿಷಯದಲ್ಲಿ ತುಂಬ ಇಷ್ಟವಾದದ್ದು ಇದೇ.

ಚಿಕ್ಕಮ್ಮನಿಗೆ ಕೊಟ್ಟದ್ದು ಪ್ಯಾಕ್ಲಿಟ್ಯಾಕ್ಸೆಲ್ ಎಂಬ ಕಿಮೋ ಮದ್ದು. ಮೊದಲು ಸಿಕ್ಕಿದ್ದು ಅಮೆರಿಕದ ಯೂ ಮರದ ತೊಗಟೆಯಲ್ಲಿ. ಅದು ಕೊಳವೆಯನ್ನು ಬಿಚ್ಚಲಿಕ್ಕೇ ಬಿಡುವುದಿಲ್ಲ. ಇದನ್ನು 1979ರಲ್ಲಿ ಕಂಡುಹಿಡಿದವರು ಸೂಸನ್ ಹಾರ್ವಿಟ್ಜ್ ಮತ್ತು ಅವರ ಜೊತೆಯವರು. ಕ್ಯಾನ್ಸರ್ ಕೋಶ ಎರಡಾಗಬೇಕಾದರೆ ಕೊಳವೆಗಳನ್ನು ಬಿಚ್ಚಿ ಕಟ್ಟಬೇಕು, ಅಲ್ಲಿ ಸಿಕ್ಕಿಬಿದ್ದು ಸಾಯುತ್ತದೆ. ನರಕೋಶ ಎರಡಾಗುವುದಿಲ್ಲ, ಆದರೆ ಅದಕ್ಕೂ ಅದೇ ಕೊಳವೆ ಬೇಕು. ಸಾಗಾಟ ಕೆಡುತ್ತದೆ, ದಾರಿ ಉದ್ದವಾದಷ್ಟೂ ಪೆಟ್ಟು ಜಾಸ್ತಿ. ಹಾಗಾಗಿ ಕಾಲ್ಬೆರಳು ಮೊದಲು, ಕೈಬೆರಳು ಆಮೇಲೆ.

ಇದನ್ನೆಲ್ಲ ಚಿಕ್ಕಮ್ಮನಿಗೆ ಜಗಲಿಯಲ್ಲಿ ಕೂತು ಹೇಳಿದೆ. ಪೂರ್ತಿ ಕೇಳಿ, "ಹಾಗಾದರೆ ಇದು ರೋಗ ಹರಡಿದ್ದಲ್ಲ" ಅಂದರು. ಇಷ್ಟು ದಿನ ಆ ಹೆದರಿಕೆ ಇಟ್ಟುಕೊಂಡಿದ್ದರು, ಯಾರಿಗೂ ಹೇಳಿರಲಿಲ್ಲ. ಡಾಕ್ಟರಿಗೆ ಜೋಮಿನ ವಿಷಯ ತಿಳಿಸಿದ ಮೇಲೆ ಮದ್ದಿನ ಪ್ರಮಾಣ ಇಳಿಸಿದರು. ಈಗ ಸ್ನಾನದ ನೀರಿನ ಬಿಸಿಯನ್ನು ಮೊಣಕೈಯಿಂದ ನೋಡುತ್ತಾರೆ, ರಾತ್ರಿ ನಾನು ಅಂಗಾಲಿಗೆ ಟಾರ್ಚ್ ಹಿಡಿದು ಗಾಯ ಇದೆಯಾ ಅಂತ ನೋಡುತ್ತೇನೆ. ಕಿಮೋ ಮುಗಿದು ವರ್ಷವಾಯಿತು. ಮೊನ್ನೆ ಅಂಗಾಲು ಒರೆಸುವಾಗ ಕಾಲು ಎಳೆದುಕೊಂಡರು, ಕಚಗುಳಿ ಆಯಿತಂತೆ. ಎಡಗಾಲಿಗೆ ಮಾತ್ರ.