ಸರ್ಟಿಫೈಡ್ ಹಳೆಯ ಕಾರು ಕೊಳ್ಳುವಾಗ ಟೈರಿನ ಆಳ ಅಳೆಯುವುದು

ಸರ್ಟಿಫೈಡ್ ಎಂಬ ಹೆಸರಿನಲ್ಲಿ ಮಾರಾಟವಾಗುವ ಹಳೆಯ ಕಾರುಗಳ ತಪಾಸಣಾ ವರದಿಯಲ್ಲಿ ಎಂಜಿನ್, ಕ್ಲಚ್, ಎಸಿ ಎಲ್ಲದರ ಬಗೆಗೂ ವಿವರಗಳಿರುತ್ತವೆ. ಟೈರಿನ ವಿಷಯಕ್ಕೆ ಬಂದರೆ ಮಾತ್ರ ಅನೇಕ ವರದಿಗಳು 'ಶೇ. 50 ಉಳಿದಿದೆ' ಎಂಬ ಒಂದೇ ಸಾಲಿನಲ್ಲಿ ಮುಗಿಸಿಬಿಡುತ್ತವೆ. ಇಡೀ ವರದಿಯಲ್ಲಿ ನಾನು ಅತ್ಯಂತ ಕಡಿಮೆ ನಂಬುವ ಸಾಲು ಇದು. ಯಾವುದರಲ್ಲಿ ಅರ್ಧ ಎಂಬುದನ್ನು ಅದು ಹೇಳುವುದೇ ಇಲ್ಲ.

ಹೊಸ ಟೈರಿನ ಟ್ರೆಡ್ಡಿನ, ಅಂದರೆ ರಸ್ತೆಗೆ ತಾಗುವ ತೋಡುಗಳುಳ್ಳ ಮೇಲ್ಮೈಯ, ಆಳ 8 ಮಿ.ಮೀ. ಎಂದು ಇಟ್ಟುಕೊಳ್ಳೋಣ. ಭಾರತದಲ್ಲಿ ಕಾರಿನ ಟೈರಿಗೆ ಕಾನೂನು ಒಪ್ಪುವ ಕನಿಷ್ಠ ಆಳ 1.6 ಮಿ.ಮೀ. ಆದ್ದರಿಂದ ಬಳಕೆಗೆ ಸಿಗುವುದು 8 ಅಲ್ಲ, 6.4 ಮಿ.ಮೀ. ಮಾತ್ರ. ಈಗ ಟೈರಿನಲ್ಲಿ 4 ಮಿ.ಮೀ. ಉಳಿದಿದ್ದರೆ, ಸೊನ್ನೆಯಿಂದ ಎಣಿಸುವವರ ಲೆಕ್ಕದಲ್ಲಿ ಅದು ಶೇ. 50, ಕಾನೂನಿನ ಮಿತಿಯಿಂದ ಎಣಿಸಿದರೆ ಉಳಿದದ್ದು 2.4 ಮಿ.ಮೀ., ಅಂದರೆ ಶೇ. 37.5. ಅದೇ ಟೈರು 3 ಮಿ.ಮೀ.ಗೆ ಇಳಿದಾಗ ಮೊದಲ ಲೆಕ್ಕ ಶೇ. 37ಕ್ಕಿಂತ ಹೆಚ್ಚು ತೋರಿಸುತ್ತದೆ, ಎರಡನೆಯದು ಸುಮಾರು 22ಕ್ಕೆ ಕುಸಿಯುತ್ತದೆ. ಕೊಳ್ಳುವವರು ಶೇಕಡಾವಾರನ್ನು ಬದಿಗಿಟ್ಟು, ನಾಲ್ಕೂ ಚಕ್ರಗಳ ಆಳವನ್ನು ಮಿಲಿಮೀಟರಿನಲ್ಲಿ ಬರೆದುಕೊಡಿ ಎಂದು ಕೇಳಬೇಕು.

1.6 ಮಿ.ಮೀ. ಮುಟ್ಟಿತೇ ಎಂದು ತಿಳಿಯಲು ಟೈರಿನಲ್ಲೇ ಗುರುತಿದೆ. ಟೈರಿನ ಪಕ್ಕದ ಗೋಡೆಯ ಮೇಲ್ಭಾಗದಲ್ಲಿ ಪುಟ್ಟ ತ್ರಿಕೋನವನ್ನೋ ಟಿಡಬ್ಲ್ಯುಐ (TWI, ಸವೆತದ ಸೂಚಕ) ಎಂಬ ಅಕ್ಷರಗಳನ್ನೋ ಹುಡುಕಿ, ಅದರ ನೇರಕ್ಕೆ ಟ್ರೆಡ್ಡಿನ ತೋಡಿನೊಳಗೆ ನೋಡಿದರೆ ರಬ್ಬರಿನ ಸಣ್ಣ ದಿಬ್ಬ ಕಾಣುತ್ತದೆ. ಟ್ರೆಡ್ಡು ಸವೆದು ಆ ದಿಬ್ಬಕ್ಕೆ ಸಮನಾದರೆ ಟೈರಿನ ಆಯುಸ್ಸು ಮುಗಿದಂತೆ. ಆದರೆ ಕಾನೂನಿನ ಈ ಮಿತಿ ರಸ್ತೆಯಿಂದ ಟೈರನ್ನು ತೆಗೆದುಹಾಕಬೇಕಾದ ಗೆರೆಯೇ ಹೊರತು, 'ಸರ್ಟಿಫೈಡ್' ಎಂದು ಮುದ್ರೆ ಒತ್ತಿ ಮಾರುವುದಕ್ಕೆ ಅಳತೆಗೋಲಲ್ಲ. ಟ್ರೆಡ್ಡಿನ ತೋಡುಗಳ ಮುಖ್ಯ ಕೆಲಸ ಚಕ್ರದಡಿಯ ನೀರನ್ನು ಹೊರಗೆ ತಳ್ಳುವುದು. ಆಳ ಕಡಿಮೆಯಾದಂತೆ ಆ ಸಾಮರ್ಥ್ಯ ಇಳಿಯುತ್ತದೆ, ಒದ್ದೆ ರಸ್ತೆಯಲ್ಲಿ ಬ್ರೇಕ್ ಹಾಕಿದರೆ ಕಾರು ನಿಲ್ಲಲು ಹಿಡಿಯುವ ದೂರ ಬೆಳೆಯುತ್ತದೆ, ವೇಗ ಹೆಚ್ಚಿದ್ದರೆ ಚಕ್ರ ನೀರಿನ ಪದರದ ಮೇಲೆ ತೇಲಿ ಸ್ಟೀರಿಂಗಿನ ಮಾತನ್ನೇ ಕೇಳದಂತಾಗುತ್ತದೆ. ಜುಲೈ ತಿಂಗಳಲ್ಲಿ ಶಿರಾಡಿ ಅಥವಾ ಚಾರ್ಮಾಡಿ ಘಾಟಿ ಇಳಿಯುವ ಕುಟುಂಬವೊಂದಕ್ಕೆ 2 ಮಿ.ಮೀ. ಟೈರಿನ ಕಾರನ್ನು, ಕಾನೂನುಬದ್ಧವಾಗಿದೆ ಎಂಬ ಕಾರಣಕ್ಕೆ ಮಾರುವುದು ಸರಿಯೆಂದು ನನಗೆ ಅನ್ನಿಸುವುದಿಲ್ಲ. ನನ್ನ ಮಟ್ಟಿಗೆ ಯಾವ ಚಕ್ರದ ಯಾವ ಭಾಗದಲ್ಲೂ ಆಳ 3 ಮಿ.ಮೀ.ಗಿಂತ ಕಡಿಮೆ ಇರಬಾರದು. ಇದ್ದರೆ ಹೊಸ ಟೈರು ಹಾಕಿಕೊಡಬೇಕು ಅಥವಾ ಅದರ ಬೆಲೆಯನ್ನು ಕಾರಿನ ಬೆಲೆಯಲ್ಲಿ ಇಳಿಸಬೇಕು.

ಯಾವ ಭಾಗದಲ್ಲೂ ಎಂದು ಒತ್ತಿ ಹೇಳಲು ಕಾರಣವಿದೆ. ಅಳತೆಯನ್ನು ಟೈರಿನ ನಡುವೆ ಮಾತ್ರ ತೆಗೆದರೆ ಸಾಲದು. ಹೊರ ಅಂಚು, ನಡು, ಒಳ ಅಂಚು ಮೂರನ್ನೂ ನೋಡಬೇಕು. ಆಳ ಅಳೆಯುವ ಟ್ರೆಡ್ ಡೆಪ್ತ್ ಗೇಜ್ ದುಬಾರಿ ಸಾಧನವಲ್ಲ. ಮುಂದಿನ ಚಕ್ರಗಳ ಒಳ ಅಂಚು ಕಾಣಲು ಸ್ಟೀರಿಂಗನ್ನು ಒಂದು ಬದಿಗೆ ಪೂರ್ತಿ ತಿರುಗಿಸಿಟ್ಟರೆ ಸಾಕು. ಹಿಂದಿನವಕ್ಕೆ ಕಾರನ್ನು ಲಿಫ್ಟಿನ ಮೇಲೆ ಏರಿಸಿ ಎಂದು ಕೇಳಲು ಸಂಕೋಚ ಬೇಡ. ಸವೆತದ ರೀತಿ ಕಾರಿನ ಹಿಂದಿನ ಬದುಕನ್ನು ಹೇಳುತ್ತದೆ: ನಡುಭಾಗ ಮಾತ್ರ ಸವೆದಿದ್ದರೆ ಗಾಳಿ ಹೆಚ್ಚಾಗಿ ಓಡಿದೆ, ಎರಡೂ ಅಂಚು ಸವೆದಿದ್ದರೆ ಗಾಳಿ ಕಡಿಮೆಯಾಗಿ ಓಡಿದೆ. ಒಂದೇ ಅಂಚು ತಿಂದುಹೋಗಿದ್ದರೆ ವೀಲ್ ಅಲೈನ್‌ಮೆಂಟ್ (ಚಕ್ರಗಳು ನಿಲ್ಲುವ ಕೋನ) ತಪ್ಪಿದೆ, ಅಥವಾ ಗುಂಡಿಗೆ ಬಿದ್ದು ಸಸ್ಪೆನ್ಷನ್ನಿನ ಯಾವುದೋ ಭಾಗ ಬಾಗಿದೆ, ಅಥವಾ ಅಪಘಾತದ ದುರಸ್ತಿ ಪೂರ್ತಿ ಸರಿಯಾಗಿಲ್ಲ. ಟ್ರೆಡ್ಡಿನ ಮೇಲೆ ಅಲ್ಲಲ್ಲಿ ತಗ್ಗುಗಳಿದ್ದರೆ ಶಾಕ್ ಅಬ್ಸಾರ್ಬರ್ ಸೋತಿರುವ ಸಾಧ್ಯತೆ ಹೆಚ್ಚು. ಇಂಥ ಕಡೆ ಟೈರು ಬದಲಿಸಿದರೆ ಹೊಸ ಟೈರೂ ಅದೇ ದಾರಿ ಹಿಡಿಯುತ್ತದೆ, ಆದ್ದರಿಂದ ಮೂಲ ದೋಷವನ್ನು ಮೊದಲು ಸರಿಪಡಿಸಿಕೊಡಲು ಹೇಳಬೇಕು.

ಆಳ ಚೆನ್ನಾಗಿದ್ದೂ ಟೈರು ಹಳೆಯದಾಗಿರಬಹುದು. ಪಕ್ಕದ ಗೋಡೆಯ ಮೇಲೆ ಡಾಟ್ (DOT) ಎಂದು ಆರಂಭವಾಗುವ ಸಂಕೇತದ ಕೊನೆಯಲ್ಲಿರುವ ನಾಲ್ಕು ಅಂಕಿಗಳಲ್ಲಿ ಮೊದಲೆರಡು ವಾರವನ್ನೂ ಉಳಿದೆರಡು ವರ್ಷವನ್ನೂ ಸೂಚಿಸುತ್ತವೆ. 2319 ಎಂದಿದ್ದರೆ ಅದು 2019ರ 23ನೇ ವಾರದಲ್ಲಿ ತಯಾರಾದದ್ದು. ರಬ್ಬರು ಬಿಸಿಲಿಗೆ, ಗಾಳಿಗೆ ಗಟ್ಟಿಯಾಗಿ ಬಿರುಕು ಬಿಡುತ್ತದೆ. ತಯಾರಕರಲ್ಲಿ ಅನೇಕರು ಐದು ವರ್ಷ ಬಳಸಿದ ಮೇಲೆ ವರ್ಷಕ್ಕೊಮ್ಮೆ ಪರೀಕ್ಷಿಸಲು, ಹತ್ತು ವರ್ಷವಾದರೆ ಟ್ರೆಡ್ಡು ಎಷ್ಟೇ ಇದ್ದರೂ ತೆಗೆದುಹಾಕಲು ಸಲಹೆ ಕೊಡುತ್ತಾರೆ. ಮಾರಾಟಕ್ಕೆ ನಿಂತ ಕಾರಿನ ಟೈರಿಗೆ ಪಾಲಿಶ್ ಬಳಿದಿದ್ದರೆ ಒಂದು ಬಟ್ಟೆಯಿಂದ ಒರೆಸಿ, ಬೆರಳಿನಿಂದ ಒತ್ತಿ ಸೂಕ್ಷ್ಮ ಬಿರುಕುಗಳನ್ನು ಹುಡುಕಬೇಕು. ಈ ನಾಲ್ಕು ಅಂಕಿಗಳು ಓಡೋಮೀಟರಿಗೂ ಸಾಕ್ಷಿ ಹೇಳುತ್ತವೆ: 2019ರ ಕಾರು 20,000 ಕಿ.ಮೀ. ಮಾತ್ರ ಓಡಿದೆ ಎಂದು ತೋರಿಸುತ್ತಾ, ನಾಲ್ಕೂ ಟೈರು 2023ರವಾಗಿದ್ದರೆ, ಮೊದಲಿನ ಟೈರುಗಳು ಅಷ್ಟು ಬೇಗ ಏಕೆ ಮುಗಿದವು ಎಂಬ ಪ್ರಶ್ನೆಗೆ ಸರ್ವಿಸ್ ದಾಖಲೆ ಸಮೇತ ಉತ್ತರ ಸಿಗಬೇಕು.

ಕೆಲವು ಟೈರುಗಳ ಮೇಲೆ 'ಟ್ರೆಡ್‌ವೇರ್ 320' ಎಂಬಂಥ ಸಂಖ್ಯೆ ಇರುತ್ತದೆ. ಅದು ಉಳಿದಿರುವ ಟ್ರೆಡ್ಡಲ್ಲ. ಅಮೆರಿಕದ ಪದ್ಧತಿಯಂತೆ, ಟೈರು ಎಷ್ಟು ನಿಧಾನವಾಗಿ ಸವೆಯುತ್ತದೆ ಎಂಬುದನ್ನು 100 ಅಂಕದ ಮಾದರಿ ಟೈರಿನೊಂದಿಗೆ ಹೋಲಿಸಿ ಕೊಟ್ಟ ಅಂಕ ಅದು.

ಗಾತ್ರವನ್ನೂ ಮರೆಯುವಂತಿಲ್ಲ. ಬಾಗಿಲಿನ ಅಂಚಿನ ಚೀಟಿಯಲ್ಲಿ 165/80 ಆರ್14 85ಟಿ ಎಂದಿದ್ದರೆ ನಾಲ್ಕೂ ಚಕ್ರಗಳ ಗಾತ್ರ ಅದೇ ಇರಬೇಕು, ಕೊನೆಯ 85 ಮತ್ತು ಟಿ, ಅಂದರೆ ಭಾರ ಮತ್ತು ವೇಗದ ಸೂಚ್ಯಂಕಗಳು, ಅದಕ್ಕಿಂತ ಕಡಿಮೆ ಇರಬಾರದು. ಎರಡೇ ಹೊಸ ಟೈರು ಹಾಕಿಕೊಡುವುದಾದರೆ ಅವನ್ನು ಹಿಂದಿನ ಚಕ್ರಗಳಿಗೆ ಹಾಕಿಸಬೇಕು, ಏಕೆಂದರೆ ಒದ್ದೆ ರಸ್ತೆಯಲ್ಲಿ ಹಿಂಭಾಗ ಜಾರಿದ ಕಾರನ್ನು ಹಿಡಿತಕ್ಕೆ ತರುವುದು ಹೆಚ್ಚು ಕಷ್ಟ. ಸ್ಟೆಪ್ನಿಯ ಆಳವನ್ನೂ ತಾರೀಕನ್ನೂ ನೋಡಬೇಕು. ಈಚಿನ ಕೆಲವು ಕಾರುಗಳಿಗೆ ಸ್ಟೆಪ್ನಿಯೇ ಇರುವುದಿಲ್ಲವಾದ್ದರಿಂದ ಅಂಥಲ್ಲಿ ಪಂಕ್ಚರ್ ಕಿಟ್ ಇದೆಯೇ ಎಂದು ವಿಚಾರಿಸಬೇಕು.

ಸರ್ಟಿಫೈಡ್ ಕಾರಿನ ವಾರಂಟಿ ಸಾಮಾನ್ಯವಾಗಿ ಟೈರಿಗೆ ಅನ್ವಯಿಸುವುದಿಲ್ಲ, ಅದು ಸವೆಯುವ ವಸ್ತು ಎಂಬುದು ಮಾರಾಟಗಾರರು ಕೊಡುವ ಕಾರಣ. ಹಾಗಾಗಿ ಪ್ರತಿ ಚಕ್ರದ ಮೂರು ಅಳತೆ, ತಯಾರಿಕೆಯ ವಾರ ಮತ್ತು ವರ್ಷ, ಬದಲಿಸಿಕೊಡುವ ಟೈರುಗಳ ಕಂಪನಿ ಮತ್ತು ಗಾತ್ರ, ಅಲೈನ್‌ಮೆಂಟ್ ಮಾಡಿಸಿದ ವರದಿ, ಇಷ್ಟನ್ನೂ ಮುಂಗಡ ಕೊಡುವ ಮೊದಲೇ ಬುಕಿಂಗ್ ಪತ್ರದಲ್ಲಿ ಬರೆಸಿ ಸಹಿ ಮಾಡಿಸಿಕೊಂಡು, ಡೆಲಿವರಿಯ ದಿನ ಅದೇ ಪತ್ರ ಹಿಡಿದು ಟೈರುಗಳನ್ನು ಮತ್ತೊಮ್ಮೆ ಅಳೆದು ನೋಡಬೇಕು.