ವಿಮರ್ಶಕರು ಮೆಚ್ಚಿದ ರ‍್ಯಾಪ್ ಆಲ್ಬಮ್‌ಗಳು ಏಕೆ ಕಡಿಮೆ ಮಾರಾಟವಾಗುತ್ತವೆ: ಮೈಸೂರಿನ ಸ್ಟುಡಿಯೋ ಕೆಲಸದಲ್ಲಿ ತಿಳಿದದ್ದು

ಮೈಸೂರಿನ ಒಂದು ಚಿಕ್ಕ ರೆಕಾರ್ಡಿಂಗ್ ಸ್ಟುಡಿಯೋದಲ್ಲಿ ನಾನು ಧ್ವನಿಮುದ್ರಣ ಮತ್ತು ಮಿಕ್ಸಿಂಗ್ ಕೆಲಸ ಮಾಡುತ್ತೇನೆ. ಹಾಡು ಸಿದ್ಧವಾದ ಮೇಲೆ ಅದನ್ನು ಸ್ಟ್ರೀಮಿಂಗ್ ತಾಣಗಳಿಗೆ ತಲುಪಿಸುವ ವಿತರಕರಿಗೆ ಆಡಿಯೋ ಫೈಲು, ಮುಖಚಿತ್ರ, ಬರೆದವರ ಮತ್ತು ಹಾಡಿದವರ ವಿವರ ಎಲ್ಲವನ್ನೂ ಹೊಂದಿಸಿ ಕಳುಹಿಸುವುದೂ ನನ್ನ ಹೊಣೆಯೇ. ನಮ್ಮಲ್ಲಿಗೆ ಬರುವ ಕೆಲಸದಲ್ಲಿ ಬಹುಪಾಲು ಭಕ್ತಿಗೀತೆ, ಜನಪದ ಗೀತೆ, ಅಂಗಡಿಗಳ ಜಾಹೀರಾತು ಮತ್ತು ಚುನಾವಣೆ ಬಂದಾಗ ಆಟೋಗಳಲ್ಲಿ ಹಾಕಿಕೊಂಡು ಹೋಗುವ ಪ್ರಚಾರ ಗೀತೆಗಳು. ಇತ್ತೀಚಿನ ವರ್ಷಗಳಲ್ಲಿ ಇವುಗಳ ಜೊತೆಗೆ ಮೈಸೂರು, ಮಂಡ್ಯ, ಮದ್ದೂರು, ಪಾಂಡವಪುರ ಕಡೆಯ ಹುಡುಗರು ಕನ್ನಡ ರ‍್ಯಾಪ್ ಬರೆದುಕೊಂಡು ಬರುತ್ತಿದ್ದಾರೆ. ಅವರಲ್ಲಿ ಕೆಲವರು ಬಿಡಿ ಹಾಡುಗಳಿಗೆ ತೃಪ್ತರಾಗದೆ, ಮೊದಲಿನಿಂದ ಕೊನೆಯವರೆಗೆ ಒಂದೇ ಹರಿವಿನಲ್ಲಿ ಕೇಳಬೇಕಾದ ಪೂರ್ಣ ಆಲ್ಬಮ್ ಮಾಡುತ್ತಾರೆ. ಅಂಥ ಆಲ್ಬಮ್ ಹೊರಬಂದ ಕೆಲವು ವಾರಗಳ ನಂತರ ಅವರು ನನ್ನ ಮುಂದಿಡುವ ಮಾತು ಬಹುತೇಕ ಒಂದೇ: “ಕೇಳ್ದೋರೆಲ್ಲ ಚೆನ್ನಾಗೈತೆ ಅಂತಾರೆ ಕಣಣ್ಣ, ಆದ್ರೆ ಕೇಳೋರೇ ಇಲ್ವಲ್ಲ.”

ಈ ಮಾತಿಗೆ ಹಾರಿಕೆಯ ಸಮಾಧಾನ ಹೇಳಿ ಕಳುಹಿಸಲು ನನಗೆ ಮನಸ್ಸಾಗುವುದಿಲ್ಲ. ಹಿಪ್ ಹಾಪ್ ಹುಟ್ಟಿದ ಅಮೆರಿಕದಲ್ಲಿಯೇ, ವಿಮರ್ಶಕರು ಶ್ರೇಷ್ಠವೆಂದು ಒಪ್ಪಿದ ಹಲವು ಆಲ್ಬಮ್‌ಗಳು ಸಾಧಾರಣವಾಗಿ ಮಾರಾಟವಾಗಿವೆ, ಮತ್ತು ಅದರ ಕಾರಣಗಳು ಹುಡುಕಿದರೆ ಸಿಗುತ್ತವೆ. ಜನರಿಗೆ ಅಭಿರುಚಿ ಇಲ್ಲ ಎಂದು ಸುಲಭವಾಗಿ ಹೇಳಿಬಿಡುವ ಕಾರಣವನ್ನು ನಾನು ಒಪ್ಪುವುದಿಲ್ಲ. ಅದು ಕೇಳುಗರಿಗೆ ಮಾಡುವ ಅನ್ಯಾಯ. ಕೆಲಸದಲ್ಲಿ ನಾನು ಕಂಡುಕೊಂಡಿರುವುದೇನೆಂದರೆ, ಆಲ್ಬಮ್ ಒಂದರ ಆರಂಭದ ಮಾರಾಟ ಬಹುಪಾಲು ನಿರ್ಧಾರವಾಗುವುದು ಜನ ಅದನ್ನು ಪೂರ್ತಿ ಕೇಳುವುದಕ್ಕೆ ಮೊದಲೇ. ವಿಮರ್ಶಕರ ಮೆಚ್ಚುಗೆ ಗಟ್ಟಿಯಾಗುವುದು ಹಲವು ಬಾರಿ ಕೇಳಿದ ಮೇಲೆ.

ನ್ಯೂಯಾರ್ಕಿನ ರ‍್ಯಾಪರ್ ನ್ಯಾಸ್‌ನ ಮೊದಲ ಆಲ್ಬಮ್ ‘ಇಲ್ಮ್ಯಾಟಿಕ್’ ಇದಕ್ಕೆ ನನಗೆ ತಿಳಿದ ಅತ್ಯಂತ ಸ್ಪಷ್ಟ ನಿದರ್ಶನ. ಕ್ವೀನ್ಸ್‌ಬ್ರಿಡ್ಜ್ ಎಂಬ ಸರ್ಕಾರಿ ವಸತಿ ಸಮುಚ್ಚಯದಲ್ಲಿ ಬೆಳೆದ ಇಪ್ಪತ್ತು ವರ್ಷದ ಹುಡುಗನ ಈ ಆಲ್ಬಮ್ 1994ರ ಏಪ್ರಿಲ್‌ನಲ್ಲಿ ಬಿಡುಗಡೆಯಾಯಿತು. ಪ್ರವೇಶಿಕೆಯೂ ಸೇರಿ ಹತ್ತು ಟ್ರ್ಯಾಕ್, ಸುಮಾರು 40 ನಿಮಿಷ. ಡಿಜೆ ಪ್ರೀಮಿಯರ್, ಪೀಟ್ ರಾಕ್, ಲಾರ್ಜ್ ಪ್ರೊಫೆಸರ್, ಕ್ಯೂ-ಟಿಪ್‌ರಂಥ ಹೆಸರಾಂತ ಬೀಟ್ (ಮಾತಿನ ಹಿಂದೆ ನಡೆಯುವ ಸಂಗೀತ) ನಿರ್ಮಾಪಕರು ಅದಕ್ಕೆ ದುಡಿದಿದ್ದರು. ಹಿಪ್ ಹಾಪ್ ಪತ್ರಿಕೆಗಳಲ್ಲಿ ಆಗ ಹೆಚ್ಚು ತೂಕವಿದ್ದ ‘ದಿ ಸೋರ್ಸ್’ ಅದಕ್ಕೆ ಐದಕ್ಕೆ ಐದು ಮೈಕ್, ಎಂದರೆ ಪೂರ್ಣ ಅಂಕ, ಕೊಟ್ಟಿತು. ಚೊಚ್ಚಲ ಆಲ್ಬಮ್‌ಗೆ ಅದು ಅಪರೂಪದ ಗೌರವ. ಆದರೂ ಅಮೆರಿಕದ ವಾರದ ಮಾರಾಟವನ್ನು ಅಳೆಯುವ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಅದು ಪ್ರವೇಶಿಸಿದ್ದು 12ನೇ ಸ್ಥಾನದಲ್ಲಿ, ಮೊದಲ ವಾರದ ಮಾರಾಟ ಸುಮಾರು 60 ಸಾವಿರ ಪ್ರತಿ. ಅದಕ್ಕೆ ಕೆಲವೇ ತಿಂಗಳು ಮೊದಲು, 1993ರ ನವೆಂಬರ್‌ನಲ್ಲಿ, ಸ್ನೂಪ್ ಡಾಗ್‌ನ ಮೊದಲ ಆಲ್ಬಮ್ ಒಂದೇ ವಾರದಲ್ಲಿ ಸುಮಾರು ಎಂಟು ಲಕ್ಷ ಪ್ರತಿ ಮಾರಾಟವಾಗಿ ನೇರವಾಗಿ ಮೊದಲ ಸ್ಥಾನಕ್ಕೆ ಬಂದಿತ್ತು. ಸ್ನೂಪ್‌ನ ಧ್ವನಿಯನ್ನು ಡಾಕ್ಟರ್ ಡ್ರೇಯ ಹಾಡುಗಳ ಮೂಲಕ ಇಡೀ ದೇಶ ಅಷ್ಟರಲ್ಲಾಗಲೇ ಕೇಳಿತ್ತು. ನ್ಯಾಸ್‌ನನ್ನು ನ್ಯೂಯಾರ್ಕಿನ ಆಚೆ ಬಲ್ಲವರು ಕಡಿಮೆ. ಜೊತೆಗೆ ಬಿಡುಗಡೆಗೆ ಮುಂಚೆಯೇ ‘ಇಲ್ಮ್ಯಾಟಿಕ್’ನ ನಕಲಿ ಪ್ರತಿಗಳು ಬೀದಿಗೆ ಬಂದಿದ್ದವು. ಅವನ್ನು ಕೊಂಡವರು ನ್ಯಾಸ್‌ನ ಅತ್ಯಂತ ಆಸಕ್ತ ಕೇಳುಗರೇ ಆಗಿದ್ದರೂ ಯಾವ ಲೆಕ್ಕದಲ್ಲಿಯೂ ಸೇರಲಿಲ್ಲ.

ಮುಂದಿನದು ಇನ್ನೂ ಮುಖ್ಯ. ಅದೇ ನ್ಯಾಸ್ ಅದೇ ಕೊಲಂಬಿಯಾ ಕಂಪನಿಯಿಂದ 1996ರಲ್ಲಿ ‘ಇಟ್ ವಾಸ್ ರಿಟನ್’ ಎಂಬ ಎರಡನೆಯ ಆಲ್ಬಮ್ ತಂದಾಗ, ಟ್ರ್ಯಾಕ್‌ಮಾಸ್ಟರ್ಸ್ ಎಂಬ ಜೋಡಿ ರೇಡಿಯೋಗೆ ಒಗ್ಗುವ ನಯವಾದ ಬೀಟ್‌ಗಳನ್ನು ಕೊಟ್ಟಿತು. ಮುಂಚೂಣಿಯ ಹಾಡಿನ ಸೊಲ್ಲನ್ನು, ಎಂದರೆ ಮತ್ತೆ ಮತ್ತೆ ಬರುವ ಸಾಲನ್ನು, ಗಾಯಕಿ ಲಾರಿನ್ ಹಿಲ್ ಹಾಡಿದರು. ಆಲ್ಬಮ್ ಮೊದಲ ಸ್ಥಾನದಲ್ಲಿ ಪ್ರವೇಶಿಸಿ, ಆ ವರ್ಷವೇ ಡಬಲ್ ಪ್ಲಾಟಿನಂ, ಎಂದರೆ ಇಪ್ಪತ್ತು ಲಕ್ಷದ ಮಾನ್ಯತೆ ಪಡೆಯಿತು. ವಿಮರ್ಶಕರು ಮಾತ್ರ ಮೊದಲ ಆಲ್ಬಮ್‌ಗೆ ಕೊಟ್ಟಷ್ಟು ಮನ್ನಣೆ ಇದಕ್ಕೆ ಕೊಡಲಿಲ್ಲ. ಬರೆಯುವ ಕೈ ಅದೇ, ಕಂಪನಿ ಅದೇ. ಬದಲಾದದ್ದು ಜನ ಮೊದಲ ಬಾರಿ ಕೇಳುವಾಗ ಹಿಡಿದುಕೊಳ್ಳಲು ಸಿಗುವ ಆಸರೆ, ಮತ್ತು ಎರಡು ವರ್ಷಗಳಲ್ಲಿ ಹಬ್ಬಿದ ಹೆಸರು. ಆ ಹೆಸರು ಹಬ್ಬುವುದಕ್ಕೆ ‘ಇಲ್ಮ್ಯಾಟಿಕ್’ ಕಾರಣವಾಗಿತ್ತು ಎನ್ನುವುದನ್ನು ಮರೆಯಬಾರದು: ಎರಡನೆಯದರ ಮಾರಾಟದ ಒಂದು ಪಾಲು ನ್ಯಾಯವಾಗಿ ಮೊದಲನೆಯದಕ್ಕೆ ಸೇರಬೇಕು, ಆದರೆ ಯಾವ ಪಟ್ಟಿಯೂ ಅದನ್ನು ಹಾಗೆ ಬರೆದುಕೊಳ್ಳುವುದಿಲ್ಲ. ‘ಇಲ್ಮ್ಯಾಟಿಕ್’ ಐದು ಲಕ್ಷದ ಗೋಲ್ಡ್ ಮಾನ್ಯತೆ ಪಡೆದದ್ದು 1996ರಲ್ಲಿ, ಹತ್ತು ಲಕ್ಷದ ಪ್ಲಾಟಿನಂ ತಲುಪಿದ್ದು 2001ರಲ್ಲಿ. ನಿಧಾನವಾಗಿ ನಡೆದು ಬಂದ ಈ ಮಾರಾಟವನ್ನು ಸೋಲೆಂದು ಕರೆಯಲು ನನಗೆ ಸಾಧ್ಯವಿಲ್ಲ.

ಸೊಲ್ಲಿನ ವಿಷಯವನ್ನು ನನ್ನ ಕೆಲಸ ಪ್ರತಿದಿನವೂ ನೆನಪಿಸುತ್ತದೆ. ಮಾದಪ್ಪನ ಹಾಡನ್ನು ಕಂಸಾಳೆಯವರು ಹಾಡುವಾಗ ಮುಂದಾಳು ಕಥೆ ನಡೆಸುತ್ತಾನೆ, ಹಿಮ್ಮೇಳ ಸೊಲ್ಲನ್ನು ಮತ್ತೆ ಮತ್ತೆ ಎತ್ತಿಕೊಳ್ಳುತ್ತದೆ. ಮೊದಲ ಸಲ ಕೇಳುವವನೂ ಎರಡನೆಯ ಸುತ್ತಿಗೆ ಸೊಲ್ಲು ಹೇಳಬಲ್ಲ. ಕಥೆ ಅವನಿಗೆ ಆಮೇಲೆ ದಕ್ಕುತ್ತದೆ. ವಿಮರ್ಶಕರು ಕೊಂಡಾಡುವ ರ‍್ಯಾಪ್ ಆಲ್ಬಮ್‌ಗಳಲ್ಲಿ ಎಷ್ಟೋ ಈ ಆಸರೆಯನ್ನು ಬೇಕೆಂದೇ ಬಿಟ್ಟುಕೊಟ್ಟಿರುತ್ತವೆ. 2004ರಲ್ಲಿ ಸ್ಟೋನ್ಸ್ ಥ್ರೋ ಎಂಬ ಸ್ವತಂತ್ರ ಸಂಸ್ಥೆ ಹೊರತಂದ ‘ಮ್ಯಾಡ್‌ವಿಲನಿ’, ಮಾತು ಬರೆದು ಹೇಳುವ ಎಂಎಫ್ ಡೂಮ್ ಮತ್ತು ಬೀಟ್ ನಿರ್ಮಾಪಕ ಮ್ಯಾಡ್‌ಲಿಬ್ ಜೊತೆಯಾಗಿ ಮಾಡಿದ್ದು. ಸುಮಾರು 46 ನಿಮಿಷಗಳಲ್ಲಿ 22 ಟ್ರ್ಯಾಕ್‌ಗಳು; ಹಲವು ಎರಡು ನಿಮಿಷವೂ ದಾಟುವುದಿಲ್ಲ, ಸೊಲ್ಲು ಎನ್ನಬಹುದಾದದ್ದು ತೀರ ವಿರಳ, ಒಂದು ಸಾಲಿನೊಳಗೇ ನಾಲ್ಕಾರು ಪ್ರಾಸಗಳು ಹೆಣೆದುಕೊಂಡಿರುತ್ತವೆ. ಸಿದ್ಧವಾಗುವ ಮೊದಲೇ ಅದರ ಅಪೂರ್ಣ ರೂಪ ಸೋರಿ ಅಂತರಜಾಲದಲ್ಲಿ ಹರಡಿತು. ಆಮೇಲೆ ಡೂಮ್ ತನ್ನ ಧ್ವನಿಯನ್ನು ತಗ್ಗಿಸಿ ಹಾಡುಗಳನ್ನು ಮತ್ತೆ ಮುದ್ರಿಸಿದ. ಬಿಲ್‌ಬೋರ್ಡ್ ಪಟ್ಟಿಯಲ್ಲಿ ಅದು ಏರಿದ ಅತಿ ಎತ್ತರದ ಸ್ಥಾನ 179. ಇಂದು ಆ ದಶಕದ ಅತ್ಯುತ್ತಮ ರ‍್ಯಾಪ್ ಆಲ್ಬಮ್‌ಗಳ ಯಾವ ಮಾತಿನಲ್ಲಿಯೂ ಅದನ್ನು ಬಿಡುವಂತಿಲ್ಲ. ಮಿಕ್ಸಿಂಗ್ ಮಾಡುವವನಾಗಿ ನಾನು ಅದನ್ನು ಹೆಡ್‌ಫೋನಿನಲ್ಲಿ ಕೇಳಿದಾಗಲೆಲ್ಲ ಹೊಸದೇನಾದರೂ ಸಿಗುತ್ತದೆ, ಆದರೆ ಬಸ್ಸಿನಲ್ಲಿ ಫೋನಿನ ಸ್ಪೀಕರಿನಿಂದ ಅರ್ಧ ನಿಮಿಷ ಕೇಳಿದವನಿಗೆ ಅದರಲ್ಲಿ ಏನೂ ಸಿಗದಿದ್ದರೆ ಅದು ಅವನ ಕೊರತೆಯಲ್ಲ.

ಕೇಳುವ ಪರಿಸರವೇ ಹೀಗೆ ಫಲವನ್ನು ಬದಲಿಸುತ್ತದೆ. ಸ್ಟುಡಿಯೋದ ಮಾನಿಟರ್‌ಗಳಲ್ಲಿ ಎದೆ ನಡುಗಿಸುವ ಬೇಸ್ ಫೋನಿನ ಸ್ಪೀಕರಿನಲ್ಲಿ ಬಹುಪಾಲು ಮಾಯವಾಗುತ್ತದೆ, ಉಳಿಯುವುದು ಮಾತು ಮತ್ತು ತಾಳದ ಮೇಲ್ಪದರ ಮಾತ್ರ. ಹಾಗಾಗಿ ನಾನು ಪ್ರತಿಯೊಂದು ಮಿಕ್ಸನ್ನೂ ಅಗ್ಗದ ಫೋನಿನಲ್ಲಿ, ಕಾರಿನಲ್ಲಿ ಕೇಳಿದ ನಂತರವೇ ಒಪ್ಪಿಸುತ್ತೇನೆ.

ಸ್ಥಳೀಯತೆಯೂ ಇದೇ ಬಗೆಯ ತಡೆ. ‘ಇಲ್ಮ್ಯಾಟಿಕ್’ ಒಂದು ವಸತಿ ಸಮುಚ್ಚಯದ ಬೀದಿಗಳ, ಗೆಳೆಯರ, ಆ ಓಣಿಯಲ್ಲಿ ಮಾತ್ರ ಓಡುವ ಮಾತುಗಳ ಆಲ್ಬಮ್. ವಿಮರ್ಶಕರಿಗೆ ಮೆಚ್ಚುಗೆಯಾದದ್ದೂ ಆ ಖಚಿತತೆಯೇ, ದೂರದ ಊರಿನ ಕೇಳುಗನಿಗೆ ಮೊದಲ ಬಾರಿಗೆ ಅಡ್ಡವಾದದ್ದೂ ಅದೇ. ನಮ್ಮಲ್ಲಿ ಮಂಡ್ಯದ ಹುಡುಗನೊಬ್ಬ ನಾಲೆಗೆ ನೀರು ಬಿಡುವ ದಿನ, ಆಲೆಮನೆ, ಕಬ್ಬಿನ ಬಾಕಿ ಹಣ, ಹೆದ್ದಾರಿ ಬದಿಯ ಹೋಟೆಲಿನ ರಾತ್ರಿ ಪಾಳಿ ಎಂದು ತನ್ನೂರಿನ ಮಾತಿನಲ್ಲಿಯೇ ಬರೆದಾಗ, ಅದನ್ನು ಎಲ್ಲರಿಗೂ ತಿಳಿಯುವಂತೆ ಬದಲಿಸು ಎಂದು ನಾನು ಎಂದಿಗೂ ಹೇಳುವುದಿಲ್ಲ. ಆ ಬರಹದ ಜೀವವೇ ಅಲ್ಲಿರುವುದು. ಆದರೆ ಹುಬ್ಬಳ್ಳಿಯ ಅಥವಾ ಮಂಗಳೂರಿನ ಕೇಳುಗ ಅದರೊಳಗೆ ಬರಲು ಹೆಚ್ಚು ಸಮಯ ತೆಗೆದುಕೊಳ್ಳುತ್ತಾನೆ ಎಂಬುದನ್ನು ಮೊದಲೇ ತಿಳಿಸಿರುತ್ತೇನೆ.

ಲೆಕ್ಕವೂ ನಾವು ಭಾವಿಸುವಷ್ಟು ಸರಳವಲ್ಲ. 1991ರ ಮೇ ತಿಂಗಳವರೆಗೆ ಬಿಲ್‌ಬೋರ್ಡ್ ಆಲ್ಬಮ್ ಪಟ್ಟಿ ಅಂಗಡಿಯವರ ವರದಿಯನ್ನು ನೆಚ್ಚಿಕೊಂಡಿತ್ತು. ಸೌಂಡ್‌ಸ್ಕ್ಯಾನ್ ಮೂಲಕ ಬಾರ್‌ಕೋಡ್ ಲೆಕ್ಕ ಬಂದ ಕೂಡಲೇ ರ‍್ಯಾಪ್ ಆಲ್ಬಮ್‌ಗಳು ಪಟ್ಟಿಯಲ್ಲಿ ಮೇಲಕ್ಕೆ ಜಿಗಿದವು, ಎನ್‌ಡಬ್ಲ್ಯುಎ ತಂಡದ ಆಲ್ಬಮ್ ಜೂನ್‌ನಲ್ಲಿಯೇ ಮೊದಲ ಸ್ಥಾನಕ್ಕೆ ಬಂತು. ಸ್ಟ್ರೀಮಿಂಗ್ ಬಂದ ಮೇಲೆ 2014ರ ಡಿಸೆಂಬರ್‌ನಿಂದ ಬಿಲ್‌ಬೋರ್ಡ್ 1,500 ಸ್ಟ್ರೀಮ್‌ಗಳನ್ನು ಒಂದು ಆಲ್ಬಮ್‌ಗೆ ಸಮವೆಂದು ಎಣಿಸತೊಡಗಿತು; ಆ ಸಂಖ್ಯೆ 2018ರಲ್ಲಿ ಬದಲಾಯಿತು. ಒಂದೇ ಹಾಡನ್ನು ಸಾವಿರಾರು ಬಾರಿ ಓಡಿಸಿದರೂ ಆಲ್ಬಮ್ ಲೆಕ್ಕ ಏರುವ ಇಂಥ ಪದ್ಧತಿಯಲ್ಲಿ, ಶ್ರದ್ಧೆಯಿಂದ ಇಡಿಯಾಗಿ ಕೇಳುವ ಸಣ್ಣ ಬಳಗಕ್ಕಿಂತ ಒಂದು ಜನಪ್ರಿಯ ಹಾಡಿಗೆ ಹೆಚ್ಚು ಬಲವಿರುತ್ತದೆ.

ಆಲ್ಬಮ್ ಕೇಳುಗರನ್ನು ತಲುಪದಂತೆ ತಡೆಯುವ ಇನ್ನೊಂದು ತೊಡಕು ಸ್ಯಾಂಪಲ್, ಎಂದರೆ ಹಳೆಯ ಮುದ್ರಿಕೆಯಿಂದ ಎತ್ತಿಕೊಂಡ ತುಣುಕಿನ ಹಕ್ಕು; ಅದಕ್ಕೆ ಡಿ ಲಾ ಸೋಲ್ ತಂಡದ 1989ರ ಮೊದಲ ಆಲ್ಬಮ್ ಸಾಕ್ಷಿ. ಅದು ಬಂದಾಗ ಚೆನ್ನಾಗಿಯೇ ಮಾರಾಟವಾಗಿತ್ತು. ಆದರೆ ಹಳೆಯ ಧ್ವನಿಮುದ್ರಿಕೆಗಳ ತುಣುಕುಗಳನ್ನು ಹೇರಳವಾಗಿ ಬಳಸಿದ್ದರಿಂದ ಟರ್ಟಲ್ಸ್ ಎಂಬ ಹಳೆಯ ರಾಕ್ ತಂಡದವರು ಮೊಕದ್ದಮೆ ಹೂಡಿದರು, ಅದು ನ್ಯಾಯಾಲಯದ ಹೊರಗೆ ಇತ್ಯರ್ಥವಾಯಿತು. ಮುಂದೆ ಡಿಜಿಟಲ್ ಕಾಲ ಬಂದಾಗ ಹಕ್ಕುಗಳ ಜಟಿಲತೆಯಿಂದಾಗಿ ಅದು ಸ್ಟ್ರೀಮಿಂಗ್‌ನಲ್ಲಿ ಸಿಗಲೇ ಇಲ್ಲ. ಅದು ಅಲ್ಲಿಗೆ ಬಂದದ್ದು 2023ರ ಮಾರ್ಚ್ 3ರಂದು, ತಂಡದ ಡೇವ್ ಜೋಲಿಕೋರ್ ತೀರಿಕೊಂಡ ಮೂರು ವಾರಗಳ ಆಸುಪಾಸಿನಲ್ಲಿ. ಇದನ್ನು ಓದಿದಾಗ ನನಗೆ ನಿಜವಾಗಿಯೂ ದುಃಖವಾಯಿತು. ಹಳೆಯ ಕನ್ನಡ ಚಿತ್ರಗೀತೆಯ ವೀಣೆಯ ತುಣುಕೊಂದನ್ನು ಲೂಪ್ ಮಾಡಿಕೊಂಡು ಬರುವ ಹುಡುಗರಿಗೆ ನಾನು ಈ ಪ್ರಸಂಗವನ್ನು ಹೇಳುತ್ತೇನೆ. ನಮ್ಮ ಕಾಯ್ದೆಯ ಪ್ರಕಾರ ಧ್ವನಿಮುದ್ರಿಕೆಯ ಹಕ್ಕು ಪ್ರಕಟವಾದ ನಂತರ 60 ವರ್ಷ ಇರುತ್ತದೆ, ರಾಗ ಮತ್ತು ಸಾಹಿತ್ಯದ ಹಕ್ಕು ರಚಿಸಿದವರ ಮರಣಾನಂತರವೂ 60 ವರ್ಷ. ಯೂಟ್ಯೂಬಿನ ಗುರುತು ಹಿಡಿಯುವ ವ್ಯವಸ್ಥೆ ಕೆಲವೇ ಕ್ಷಣಗಳ ತುಣುಕನ್ನೂ ಪತ್ತೆ ಮಾಡಿ ಆದಾಯವನ್ನು ಹಕ್ಕುದಾರರ ಕಡೆಗೆ ತಿರುಗಿಸಬಲ್ಲದು. ಆದ್ದರಿಂದ ಸಾಧ್ಯವಿದ್ದಲ್ಲೆಲ್ಲ ವೀಣೆ ನುಡಿಸುವವರನ್ನೇ ಕರೆಸಿ ಹೊಸ ಸಾಲನ್ನು ಮುದ್ರಿಸುತ್ತೇವೆ. ಈ ಊರಿನಲ್ಲಿ ಅಂಥ ಕಲಾವಿದರಿಗೆ ಕೊರತೆಯಿಲ್ಲ.

ವಿಮರ್ಶಕರ ಮೆಚ್ಚುಗೆಯೇ ಮಾರಾಟಕ್ಕೆ ಮುಳುವು ಎಂದು ಯಾರಾದರೂ ತೀರ್ಮಾನಿಸಿದರೆ ಅದೂ ಸರಿಯಲ್ಲ. 1998ರಲ್ಲಿ ಬಂದ ಲಾರಿನ್ ಹಿಲ್‌ರ ಏಕವ್ಯಕ್ತಿ ಆಲ್ಬಮ್ ಮೊದಲ ವಾರದಲ್ಲಿಯೇ ನಾಲ್ಕು ಲಕ್ಷಕ್ಕೂ ಹೆಚ್ಚು ಮಾರಾಟವಾಗಿ, ಮರುವರ್ಷ ವರ್ಷದ ಶ್ರೇಷ್ಠ ಆಲ್ಬಮ್‌ಗೆ ಕೊಡುವ ಗ್ರ್ಯಾಮಿ ಪಡೆಯಿತು. ಅವರು ರ‍್ಯಾಪ್ ಹೇಳುವಷ್ಟೇ ಸೊಗಸಾಗಿ ಹಾಡುತ್ತಿದ್ದರು, ಫ್ಯೂಜೀಸ್ ತಂಡದ ಮೂಲಕ ಕೋಟ್ಯಂತರ ಜನರಿಗೆ ಅದಾಗಲೇ ಪರಿಚಿತರಾಗಿದ್ದರು. ಆಸರೆಯೂ ಪರಿಚಯವೂ ಎರಡೂ ಇದ್ದಾಗ ಗಹನವಾದ ಆಲ್ಬಮ್ ಸಹ ಮೊದಲ ವಾರವೇ ಮನೆ ಮನೆ ತಲುಪುತ್ತದೆ.

ನಮ್ಮ ಸ್ಟುಡಿಯೋದಲ್ಲಿ ಭಕ್ತಿಗೀತೆ ಮಾಡಿಸುವವರು ಈ ವಿಷಯದಲ್ಲಿ ಬಹಳ ಜಾಣರು. ಆಷಾಢ ಶುಕ್ರವಾರಗಳಿಗೆ ಬೇಕಾದ ಚಾಮುಂಡೇಶ್ವರಿಯ ಹಾಡುಗಳನ್ನು ಬೇಸಿಗೆಯಲ್ಲಿಯೇ ಮುದ್ರಿಸಿ ಇಟ್ಟುಕೊಳ್ಳುತ್ತಾರೆ. ಬೆಟ್ಟಕ್ಕೆ ಜನ ಹೊರಡುವ ದಿನವೇ ಹಾಡಿಗೂ ದಿನ. ಸಿನಿಮಾ ಹಾಡಿಗೆ ಚಿತ್ರವೇ ಸಂದರ್ಭ, ಪ್ರಚಾರ ಗೀತೆಗೆ ಮತದಾನದ ದಿನವೇ ಗಡಿ. ರ‍್ಯಾಪ್ ಆಲ್ಬಮ್‌ಗೆ ಅಂಥ ಹುಟ್ಟು ಸಂದರ್ಭ ಇಲ್ಲದಿರುವುದರಿಂದ ಅದನ್ನು ಮಾಡುವವರೇ ಒಂದನ್ನು ಕಟ್ಟಿಕೊಳ್ಳಬೇಕಾಗುತ್ತದೆ: ಕಾಲೇಜಿನ ಉತ್ಸವದ ವೇದಿಕೆ, ಊರಿನ ಗಣಪತಿ ಕೂರಿಸುವ ಸಮಯ, ಅವಕಾಶ ಸಿಕ್ಕರೆ ಯುವ ದಸರಾ.

ಈಗ ಆಲ್ಬಮ್ ಮಾಡಲು ಬರುವವರೊಡನೆ ನಾನು ಮೈಕ್ ಮುಂದೆ ನಿಲ್ಲುವ ಮೊದಲೇ ಕುಳಿತು ಮಾತನಾಡುತ್ತೇನೆ. ಇಟ್ಟುಕೊಂಡ ಹಣವನ್ನೆಲ್ಲ ಮುದ್ರಣಕ್ಕೆ ಮತ್ತು ಒಂದು ವಿಡಿಯೋಗೆ ಸುರಿಯಬೇಡಿ, ಬಿಡುಗಡೆಯ ನಂತರದ ತಿಂಗಳುಗಳಿಗೆ ಒಂದು ಪಾಲು ಉಳಿಸಿಕೊಳ್ಳಿ ಎಂದು ಹೇಳುತ್ತೇನೆ. ಇದರಿಂದ ಸ್ಟುಡಿಯೋಗೆ ಬರುವ ಹಣ ಕಡಿಮೆಯಾದರೂ ಸರಿ. ಆಲ್ಬಮ್‌ನ ಒಳಗಿರುವ ಹಾಡುಗಳಲ್ಲಿಯೇ ಹೊಸಬನೊಬ್ಬ ಸುಲಭವಾಗಿ ಒಳಬರಬಹುದಾದ ಒಂದನ್ನು ಆರಿಸಿ ಮೊದಲು ಹೊರಬಿಡುತ್ತೇವೆ, ಉಳಿದ ಹಾಡುಗಳಿಗೆ ಇಲ್ಲದ ಸೊಲ್ಲನ್ನು ಅಂಟಿಸಲು ಹೋಗುವುದಿಲ್ಲ. ಬೀಟ್ ಮಾಡಿದವರ, ಬರೆದವರ ಪಾಲು ಎಷ್ಟೆಂಬುದನ್ನು ಕಾಗದದಲ್ಲಿ ಬರೆದು ಸಹಿ ಹಾಕಿಸಿಕೊಳ್ಳುತ್ತೇವೆ. ಮೊದಲ ವಾರದ ಅಂಕಿಗಳನ್ನು ನೋಡಿ ಹುಡುಗರು ಕಂಗೆಟ್ಟಾಗ, ವಿತರಕರ ವರದಿಯಲ್ಲಿ ನಾನು ಅವರಿಗೆ ಬೇರೆ ಕಡೆ ತೋರಿಸುತ್ತೇನೆ: ಕೇಳಿದವರಲ್ಲಿ ಎಷ್ಟು ಮಂದಿ ಹಾಡನ್ನು ಉಳಿಸಿಕೊಂಡಿದ್ದಾರೆ, ಕೊನೆಯ ಟ್ರ್ಯಾಕ್‌ವರೆಗೆ ಎಷ್ಟು ಮಂದಿ ಬಂದಿದ್ದಾರೆ, ಆರು ತಿಂಗಳ ನಂತರವೂ ಯಾವ ಊರಿನಿಂದ ಮರಳಿ ಕೇಳುತ್ತಿದ್ದಾರೆ. ಮುಂದಿನ ಆಲ್ಬಮ್‌ನ ಬಿಡುಗಡೆಯ ದಿನವನ್ನೂ, ಮೊದಲ ಕಾರ್ಯಕ್ರಮ ಯಾವ ಊರಿನಲ್ಲಿ ಎಂಬುದನ್ನೂ ಆ ವರದಿಯನ್ನು ಮುಂದಿಟ್ಟುಕೊಂಡೇ ತೀರ್ಮಾನಿಸುತ್ತೇವೆ.