ಧಿ ಬಿದ್ದಾಗ ಚೆಂಡು ಎಲ್ಲಿತ್ತು?

ಸಾಫ್ಟ್‌ಬಾಲ್ ಅಂಪೈರ್ ಆದ ನನಗೆ ಆರ್ಕ್, ಅಂದರೆ ಪಿಚರ್ (ಚೆಂಡು ಎಸೆಯುವವರು) ಎತ್ತಿ ಎಸೆದ ಚೆಂಡಿನ ಕಮಾನು ಎಷ್ಟು ಎತ್ತರ ಅಂತ ಹೇಳುವುದು, ಕೊನೆಗೂ ಹಿಡಿತಕ್ಕೆ ಬಂತು. ಪೂರ್ತಿ ಬಂದಿಲ್ಲ, ಆದರೆ ಲಾಗ್ ಬರೆಯುವಷ್ಟು ಬಂದಿದೆ. ಇನ್‌ಫೀಲ್ಡ್ ಫ್ಲೈ ನಿಯಮ, ಸ್ಟ್ರೈಕ್ ಮ್ಯಾಟ್ (ಚೆಂಡು ಬಿದ್ದರೆ ಸ್ಟ್ರೈಕ್ ಅನ್ನುವ ಚಾಪೆ), ಒಬ್ಬನೇ ಅಂಪೈರ್ ಇರುವಾಗ ಪ್ಲೇಟ್ (ಬ್ಯಾಟರ್ ಪಕ್ಕದ ನೆಲದ ಫಲಕ) ಬಿಟ್ಟು ಎಷ್ಟು ದೂರ ಓಡಬೇಕು, ಇದೆಲ್ಲ ನನಗೆ ಈಗ ರೂಢಿ. ಅದನ್ನೆಲ್ಲ ಬಿಟ್ಟು ನೇರ 12 ಅಡಿಗೆ ಬರುತ್ತೇನೆ.

ನಮ್ಮದು ಕ್ಯಾಲಿಫೋರ್ನಿಯಾದ ಬೇ ಏರಿಯಾದ ಒಂದು ಊರಿನ ಕೋ-ಎಡ್ (ಗಂಡು ಹೆಣ್ಣು ಕೂಡಿ ಆಡುವ) ಸ್ಲೋ-ಪಿಚ್ ಲೀಗ್, ಅಂದರೆ ಚೆಂಡನ್ನು ನಿಧಾನವಾಗಿ ಎತ್ತಿ ಎಸೆಯುವ ಸಾಫ್ಟ್‌ಬಾಲ್. ಕೆಲಸ ಮುಗಿಸಿ ಬಂದವರು ಸಂಜೆ ದೀಪದ ಕೆಳಗೆ ಆಡುತ್ತಾರೆ. ನಿಯಮಪುಸ್ತಕ ಯುಎಸ್‌ಎ ಸಾಫ್ಟ್‌ಬಾಲ್‌ನದು (2017ರಲ್ಲೇ ಹೆಸರು ಬದಲಾದರೂ ಹಳಬರ ಬಾಯಲ್ಲಿ ಇನ್ನೂ ಎಎಸ್‌ಎ). ಅದರ ಪ್ರಕಾರ ಪಿಚ್ ಮಾಡಿದ ಚೆಂಡು ನೆಲದಿಂದ ಕನಿಷ್ಠ 6 ಅಡಿ ಏರಬೇಕು, 12 ಅಡಿ ದಾಟಬಾರದು. ಫ್ರೀವೇ ಆಚೆಯ ಲೀಗ್ ಯುಎಸ್‌ಎಸ್‌ಎಸ್‌ಎ ಅನ್ನುವ ಬೇರೆ ಸಂಸ್ಥೆಯ ನಿಯಮದ್ದು, ಅಲ್ಲಿ 3ರಿಂದ 10 ಅಡಿ. ನಮ್ಮ ಪಿಚರ್‌ಗಳಲ್ಲಿ ಎಷ್ಟೋ ಜನ ಮಂಗಳವಾರ ಅಲ್ಲಿ ಎಸೆದು ಗುರುವಾರ ಇಲ್ಲಿಗೆ ಬರುತ್ತಾರೆ. ಹಾಗಾಗಿ ಪ್ರತಿ ಗುರುವಾರ ಮೊದಲ ಇನ್ನಿಂಗ್ಸ್‌ನಲ್ಲಿ ಮಂಗಳವಾರದ ಚೆಂಡುಗಳೇ ಚಪ್ಪಟೆಯಾಗಿ ಹಾರಿ ಬರುತ್ತವೆ, "ಇಲ್ಲೀಗಲ್" ಅಂದರೆ "ಮೊನ್ನೆ ಸರಿಯಿತ್ತಲ್ಲ, ಬ್ಲೂ?" ಅನ್ನುವ ಪ್ರಶ್ನೆ. ಅಂಗಿ ನೀಲಿಯಾದ್ದರಿಂದ ಅಂಪೈರ್‌ಗೆ ಇಲ್ಲಿ ಬ್ಲೂ ಅಂತಲೇ ಹೆಸರು. ನನ್ನ ಹೆಸರನ್ನು ಮೂರು ಥರ ತಪ್ಪಾಗಿ ಹೇಳುವುದಕ್ಕಿಂತ ಅದೇ ವಾಸಿ.

ಕಷ್ಟ ಇರುವುದು ಕೂಗುವ ಹೊತ್ತಿನಲ್ಲಿ. ಚೆಂಡು ಇನ್ನೂ ಗಾಳಿಯಲ್ಲಿರುವಾಗಲೇ ಎಡಗೈ ಮುಷ್ಟಿ ಪಕ್ಕಕ್ಕೆ ಚಾಚಿ "ಇಲ್ಲೀಗಲ್" ಅನ್ನಬೇಕು. ಬ್ಯಾಟರ್ ಬೀಸದಿದ್ದರೆ ಅದು ಬಾಲ್, ಅಂದರೆ ಬ್ಯಾಟರ್ ಪರವಾಗಿ ಎಣಿಸುವ ಕೆಟ್ಟ ಎಸೆತ. ಬೀಸಿದರೆ ನಮ್ಮ ಕೂಗಿಗೆ ಬೆಲೆಯಿಲ್ಲ, ಆಟ ನಡೆಯುತ್ತದೆ. ಅಂದರೆ ಬೀಸಬೇಕೋ ಬಿಡಬೇಕೋ ಅಂತ ಯೋಚಿಸುವಷ್ಟು ಸಮಯ ಬ್ಯಾಟರ್‌ಗೆ ಸಿಗಬೇಕು. ಚೆಂಡು ಮ್ಯಾಟ್ ಮೇಲೆ ಬಿದ್ದ ಮೇಲೆ ಕೂಗುವ ಅಂಪೈರ್‌ಗಳೂ ಇದ್ದಾರೆ. ಅವರು ತೀರ್ಪು ಕೊಡುತ್ತಿಲ್ಲ, ವರದಿ ಒಪ್ಪಿಸುತ್ತಿದ್ದಾರೆ.

ಕ್ರಿಕೆಟ್‌ನವರು ಈ ವಿಷಯದಲ್ಲಿ ಜಾಣರು. ಎತ್ತರ ನೋಡಬೇಕಾದರೆ ಪಕ್ಕದಿಂದ ನೋಡಬೇಕು ಅಂತ ಸ್ಕ್ವೇರ್ ಲೆಗ್‌ನಲ್ಲಿ ಒಬ್ಬರನ್ನು ನಿಲ್ಲಿಸಿಬಿಟ್ಟಿದ್ದಾರೆ. ಸೊಂಟದ ಮೇಲಿನ ಫುಲ್‌ಟಾಸ್ ಬಂದರೆ ಆ ಕಡೆ ಒಂದು ಕಣ್ಣು ಹಾಯಿಸಿದರೆ ಸಾಕು. ನಮ್ಮ ಲೀಗ್ ಕೊಡುವ ದುಡ್ಡಿಗೆ ಒಬ್ಬನೇ ಅಂಪೈರ್. ಅವನು ನಿಲ್ಲುವುದು ಪ್ಲೇಟ್ ಹಿಂದೆ, ಚೆಂಡು ಬರುವುದು ನೇರ ಅವನ ಮುಖಕ್ಕೆ. ಎತ್ತರ ಅಳೆಯಲು ಇದಕ್ಕಿಂತ ಕೆಟ್ಟ ಜಾಗ ಮೈದಾನದಲ್ಲಿ ಇನ್ನೊಂದಿಲ್ಲ.

ಹಳೆಯ ಅಂಪೈರ್‌ಗಳು ಒಂದು ಸೂತ್ರ ಹೇಳಿಕೊಡುತ್ತಾರೆ: "ಪಿಚರ್ ತಲೆಯ ಮೇಲೆ ಇನ್ನೊಬ್ಬ ಪಿಚರ್ ನಿಂತಂತೆ ನೋಡು, ಅದೇ 12 ಅಡಿ." ಕೇಳಲು ಚೆನ್ನಾಗಿದೆ. ಅದನ್ನು ನಂಬಿ ಕೂಗಿದರೆ ಅರ್ಧ ಪಂದ್ಯ ಇಲ್ಲೀಗಲ್. ಯಾಕೆ ಅಂತ ತಿಳಿಯಲೆಂದೇ ಈ ಕಂಬದ ಪ್ರಾಜೆಕ್ಟ್ ಶುರುವಾಗಿದ್ದು.

ಕಂಬದ ಪುರಾಣ ಚಿಕ್ಕದಾಗಿ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಹೊಟ್ಟೆಯಲ್ಲೇ ಉಳಿಯುತ್ತದೆ. ಆನ್‌ಲೈನ್‌ನಲ್ಲಿ "16 ಅಡಿ" ಅಂತ ಮಾರುತ್ತಿದ್ದ ಎಳೆದು ಉದ್ದ ಮಾಡುವ ಅಲ್ಯೂಮಿನಿಯಂ ಕಂಬ ತರಿಸಿದೆ. ಬಂದಿದ್ದನ್ನು ಪೂರ್ತಿ ಎಳೆದರೂ 16 ಇಲ್ಲ. ಮಾರಿದವನನ್ನು ಕೇಳಿದರೆ, ಅದು ಹಿಡಿದು ನಿಂತವನ ಕೈ ಮುಟ್ಟುವ ಎತ್ತರವಂತೆ! ಹಾಗಾದರೆ ಏಣಿ ಹತ್ತಿ ಹಿಡಿದರೆ 25 ಅಡಿ ಅಂತಲೂ ಮಾರಬಹುದು. ಹೋಗಲಿ, ನಮಗೆ 12 ಸಾಕಿತ್ತು. 6ಕ್ಕೊಂದು 12ಕ್ಕೊಂದು ಕಿತ್ತಳೆ ಟೇಪ್ ಸುತ್ತಿ ಪಿಚರ್‌ಗೂ ಪ್ಲೇಟ್‌ಗೂ ನಡುವೆ, ಚೆಂಡಿನ ದಾರಿಯಿಂದ ಒಂದಡಿ ಪಕ್ಕಕ್ಕೆ ನೆಟ್ಟಾಯಿತು. ಬೇಸಿಗೆಯ ಸಂಜೆ ಕೊಲ್ಲಿಯಿಂದ ಬೀಸುವ ಗಾಳಿ ಗೊತ್ತಲ್ಲ? ತಿರುಗಿಸಿ ಬಿಗಿ ಮಾಡುವ ಲಾಕ್ ಆ ಅಲುಗಾಟಕ್ಕೆ ಮೆಲ್ಲಗೆ ಸಡಿಲವಾಗತೊಡಗಿತು. ಕ್ಯಾಮೆರಾ ನೋಡಿಕೊಳ್ಳುತ್ತಿದ್ದ ನಮ್ಮ ಶಾರ್ಟ್‌ಸ್ಟಾಪ್, ಹಾಸನದ ಹುಡುಗ, ದೂರದಿಂದ ಕೂಗಿದ: "ಅಣ್ಣಾ, 12 ಅಡಿ ಇಳೀತಾ ಇದೆ!" ಜಾತ್ರೆ ಮುಗಿದ ಮೇಲೆ ಧ್ವಜ ಇಳಿಸಿದಂತೆ ಗಂಭೀರವಾಗಿ ಇಳಿಯುತ್ತಿತ್ತು. ಹಾರ್ಡ್‌ವೇರ್ ಅಂಗಡಿಯ ಎರಡು ಹೋಸ್ ಕ್ಲಾಂಪ್ ಬಿಗಿದ ಮೇಲೆ ನಿಂತಿತು. ಕಂಬಕ್ಕಿಂತ ಕ್ಲಾಂಪ್ ಒಳ್ಳೆಯ ಮಾಲು.

ಉಳಿದ ಸಲಕರಣೆ ಮಾಮೂಲಿ. ಪಕ್ಕದಿಂದ 60 ಅಡಿ ದೂರದಲ್ಲಿ ಟ್ರೈಪಾಡ್ ಮೇಲೆ ಒಂದು ಫೋನ್, ಸೆಕೆಂಡಿಗೆ 240 ಫ್ರೇಮ್. ನನ್ನ ಮಾಸ್ಕ್‌ಗೆ ಕಟ್ಟಿದ ಪುಟ್ಟ ಕ್ಯಾಮೆರಾ ಇನ್ನೊಂದು. ಎರಡಕ್ಕೂ ತಾಳೆ ಹಾಕಲು ಒಂದು ಚಪ್ಪಾಳೆ. ಎಸೆದವರು ನಮ್ಮ ಲೀಗಿನ ಹಿರಿಯ ಪಿಚರ್ ಒಬ್ಬರು. ಬೇಕೆಂದರೆ 11, ಬೇಕೆಂದರೆ 13 ಅಡಿಗೆ ಎತ್ತಿ ಎಸೆಯಬಲ್ಲ ಕೈ ಅವರದು. ಕೂಲಿಯಾಗಿ ಕೇಳಿದ್ದು ಮಸಾಲೆ ದೋಸೆ.

ಈಗ ವಿಷಯಕ್ಕೆ ಬಂದೆ. ಪಕ್ಕದ ಫೋನಿನಲ್ಲಿ ಕಾಣುವ ಆರ್ಕ್‌ನ ತುದಿ ಬೇರೆ, ಮಾಸ್ಕ್ ಕ್ಯಾಮೆರಾದಲ್ಲಿ ಕಾಣುವ ತುದಿಯೇ ಬೇರೆ! ಸೊಂಟದ ಹತ್ತಿರ, ಸುಮಾರು 3 ಅಡಿ ಎತ್ತರದಲ್ಲಿ ಕೈಬಿಟ್ಟ ಚೆಂಡು 12 ಅಡಿ ಮುಟ್ಟಲು ಮುಕ್ಕಾಲು ಸೆಕೆಂಡ್ ಬೇಕು. ಪ್ಲೇಟ್ ತಲುಪಲು ಒಟ್ಟು 1.6 ಸೆಕೆಂಡಿನ ಹತ್ತಿರ. ಆದರೆ ಪ್ಲೇಟ್ ಹಿಂದೆ ಬಾಗಿ ನಿಂತ ನನ್ನ ಕಣ್ಣಿಗೆ ಮುಕ್ಕಾಲು ಸೆಕೆಂಡಿನಲ್ಲಿ ಚೆಂಡು ಇನ್ನೂ ಏರುತ್ತಲೇ ಇರುತ್ತದೆ. ಅದು ಇಳಿಯತೊಡಗಿದರೂ ಹತ್ತಿರವೂ ಬರುತ್ತಿದೆಯಲ್ಲ, ಹತ್ತಿರ ಬಂದದ್ದು ಎತ್ತರವಾಗಿ ಕಾಣುತ್ತದೆ. ಇಳಿದಷ್ಟನ್ನು ಹತ್ತಿರ ಬಂದದ್ದು ತುಂಬಿಕೊಡುತ್ತದೆ. ಕಣ್ಣಿಗೆ ಕಾಣುವ ತುದಿ ಬರುವುದು ಸುಮಾರು ಒಂದು ಸೆಕೆಂಡಿಗೆ, ಅಷ್ಟು ಹೊತ್ತಿಗೆ ನಿಜವಾದ ಚೆಂಡು 11 ಅಡಿಗೆ ಇಳಿದಾಗಿದೆ. ನನ್ನ ಕಣ್ಣಿನಿಂದ ಆ ಕಾಣುವ ತುದಿಯ ಮೂಲಕ ಪಿಚರ್ ನಿಂತ ಜಾಗದವರೆಗೆ ಗೆರೆ ಎಳೆದು ನೋಡಿದರೆ 19 ಅಡಿ. ಪಿಚರ್ ಮೇಲೆ ಪಿಚರ್, ಅವನ ಮೇಲೆ ಇನ್ನೊಬ್ಬ. ಸರಿಯಾದ 12 ಅಡಿಯ ಚೆಂಡು ಮೂರಾಳೆತ್ತರ ಕಾಣುವಾಗ "ಎರಡಾಳು" ಸೂತ್ರ ಹಿಡಿದವನು ಕೂಗದೆ ಇನ್ನೇನು ಮಾಡಿಯಾನು?

ಬೌಂಡರಿಯಲ್ಲಿ ಕ್ಯಾಚ್ ಹಿಡಿಯುವವರಿಗೆ ಇದರ ಇನ್ನೊಂದು ಮುಖ ಪರಿಚಯ. ಚೆಂಡು ಸರಿಯಾಗಿ ನಮ್ಮ ಕಣ್ಣಿಗೇ ಬರುವಂತಿದ್ದರೆ, ನೋಟದ ಕೋನದ ಟ್ಯಾಂಜೆಂಟ್ ಒಂದೇ ವೇಗದಲ್ಲಿ ಏರುತ್ತಲೇ ಹೋಗುತ್ತದೆ, ತುದಿ ಅನ್ನುವುದೇ ಕಾಣಿಸುವುದಿಲ್ಲ. ಸೆವಿಲ್ ಚಾಪ್‌ಮನ್ ಅನ್ನುವ ಭೌತವಿಜ್ಞಾನಿ 1968ರಲ್ಲೇ ಇದನ್ನು ಬರೆದಿಟ್ಟರು. ಫೀಲ್ಡರ್‌ಗೆ ಅದು ವರ, ಕೋನ ಸಮವಾಗಿ ಏರುವ ಕಡೆ ಓಡಿದರಾಯಿತು. ಅಂಪೈರ್‌ಗೆ ಅದೇ ಶಾಪ.

ಹಾಗಾದರೆ ತುದಿಯನ್ನು ಹುಡುಕುವುದೇ ಬೇಡ ಅನ್ನಿಸಿತು. ತುದಿಯ ಬದಲು ಒಂದು ಗೊತ್ತಾದ ಹೊತ್ತಿನಲ್ಲಿ ಚೆಂಡು ಎಲ್ಲಿದೆ ಅಂತ ನೋಡಿದರೆ? ವಿಡಿಯೋಗಳನ್ನು ಕೈಬಿಟ್ಟ ಫ್ರೇಮಿನಿಂದ ಸರಿಯಾಗಿ 120 ಫ್ರೇಮ್ ಮುಂದಕ್ಕೆ, ಅಂದರೆ ಅರ್ಧ ಸೆಕೆಂಡಿಗೆ ನಿಲ್ಲಿಸಿ ನೋಡಿದೆ. ಅಲ್ಲಿ ಸಿಕ್ಕಿತು ನೋಡಿ. 6 ಅಡಿಯ ಚೆಂಡು ಪಿಚರ್ ಜಾಗದಲ್ಲಿ 7 ಅಡಿಯಾಗಿ ಕಾಣುತ್ತದೆ, 10 ಅಡಿಯದು 12, 12 ಅಡಿಯದು ಹದಿಮೂರೂವರೆ, 14 ಅಡಿಯದು 15. ಎಲ್ಲ ಸಾಲಾಗಿ ನಿಂತಿವೆ! ಹಳಬರ ಎರಡಾಳು ಸೂತ್ರಕ್ಕೂ ಇಲ್ಲಿ ಮರ್ಯಾದೆ ಉಳಿಯಿತು. ಆರಡಿ ಪಿಚರ್ ಆದರೆ ಎರಡಾಳು ಮತ್ತು ಮೇಲೊಂದು ಮೊಳ, ಅರ್ಧ ಸೆಕೆಂಡಿನಲ್ಲಿ. ಸೂತ್ರದಲ್ಲಿ ಎತ್ತರ ಇತ್ತು, ಹೊತ್ತು ಕಳೆದುಹೋಗಿತ್ತು.

ಕೆಳಗಿನ ಮಿತಿ ಇನ್ನೂ ಸುಲಭ. 5 ಅಡಿಯ ಚಪ್ಪಟೆ ಚೆಂಡು ಅರ್ಧ ಸೆಕೆಂಡಿಗೆ ಪಿಚರ್ ಭುಜದ ಕೆಳಗೇ ಇರುತ್ತದೆ, 6 ಅಡಿಯದು ತಲೆಯ ಮೇಲೆ ಒಂದಡಿ. ನೆತ್ತಿಗೂ ಚೆಂಡಿಗೂ ನಡುವೆ ಬೆಳಕು ಕಾಣದಿದ್ದರೆ ಕೂಗು, ಅಷ್ಟೇ. ಆ ಚೆಂಡು ಒಂದು ಸೆಕೆಂಡಿನೊಳಗೆ ಪ್ಲೇಟ್ ಮೇಲಿರುತ್ತದೆ, ತರ್ಕಕ್ಕೆ ಸಮಯವೂ ಇಲ್ಲ.

ಆದರೆ ಅರ್ಧ ಸೆಕೆಂಡ್ ಅಳೆಯುವುದು ಹೇಗೆ? ಮಗಳ ಮೃದಂಗ ಪಾಠ ಪಕ್ಕದ ಕೋಣೆಯಲ್ಲಿ ನಡೆಯುತ್ತಿತ್ತು, ಮೆಟ್ರೊನೋಮ್ 60ರಲ್ಲಿ. ಸೆಕೆಂಡಿಗೆ ಒಂದು ತಕಧಿಮಿ. ತ ಮೇಲೆ ಕೈಬಿಟ್ಟರೆ ಧಿ ಬೀಳುವುದು ಸರಿಯಾಗಿ ಅರ್ಧ ಸೆಕೆಂಡಿಗೆ. ಅಷ್ಟೇ ಬೇಕಿತ್ತು. ಚೆಂಡು ಬೆರಳು ಬಿಡುವಾಗ ತ, ಧಿ ಅಂದಾಗ ಚೆಂಡಿರುವ ಜಾಗವನ್ನು ಕಣ್ಣಲ್ಲಿ ಹಿಡಿ, ಮಿ ಅನ್ನುವ ಹೊತ್ತಿಗೆ ಕೂಗು. ಮನೆಯಲ್ಲಿ ವಿಡಿಯೋ ಮುಂದೆ ಕೂತು ಅಭ್ಯಾಸ ಮಾಡುವಾಗ ಒಳಗಿನಿಂದ ತಕರಾರು ಬಂತು: "ಅಪ್ಪಾ, ಓಡಿಸ್ತಾ ಇದೀಯ! ಕಾಲ ನಿಲ್ಲಿಸು." ಅವಳು ಹೇಳಿದ್ದು ಸರಿ. ಬೇಸ್ ಲೋಡೆಡ್ ಇದ್ದು (ಮೂರೂ ಬೇಸ್‌ನಲ್ಲಿ ಓಟಗಾರರು) ಡಗ್‌ಔಟ್‌ನಿಂದ, ಅಂದರೆ ಆಟಗಾರರು ಕೂರುವ ಕಡೆಯಿಂದ, ಬೈಗುಳ ಬರುವಾಗ ನನ್ನ ತಕಧಿಮಿ ಎರಡನೇ ಕಾಲಕ್ಕೆ ಜಿಗಿಯುತ್ತದೆ. ಈಗ ಮಾಸ್ಕ್ ಕ್ಯಾಮೆರಾದಲ್ಲಿ ದಾಖಲಾದ ನನ್ನ ಗೊಣಗಾಟವನ್ನೇ ಪಂದ್ಯ ಮುಗಿದ ಮೇಲೆ ಅಳೆಯುತ್ತೇನೆ. ಕ್ಯಾಚರ್ (ಇಲ್ಲಿನ ಕೀಪರ್) ಒಬ್ಬ, "ಬ್ಲೂ, ಪ್ರಾರ್ಥನೆ ಮಾಡ್ತೀಯಾ?" ಅಂತ ಕೇಳಿದ್ದೂ ದಾಖಲಾಗಿದೆ.

ಇನ್ನೊಂದು ಲಾಭ ನಾನು ನಿರೀಕ್ಷಿಸಿರಲಿಲ್ಲ. ನಮ್ಮ ಲೀಗಿನಲ್ಲಿ ಪಿಚರ್ ರಬ್ಬರ್‌ನಿಂದ (ಎಸೆಯುವ ಜಾಗ ಗುರುತಿಸುವ ಪಟ್ಟಿ) 6 ಅಡಿ ಹಿಂದೆ ಹೋಗಿಯೂ ಎಸೆಯಬಹುದು. ದೂರ ಬದಲಾದರೆ ಇಡೀ ಲೆಕ್ಕ ಕೆಡುತ್ತದೆ ಅಂದುಕೊಂಡು ಕಾಗದ ತೆಗೆದೆ. ಕೆಡಲಿಲ್ಲ! ಪಿಚರ್‌ನ ಎತ್ತರವೇ ಅಳತೆಗೋಲು, ಅವನು ಹಿಂದೆ ಹೋದರೆ ಕೋಲೂ ಹಿಂದೆ ಹೋಗುತ್ತದೆ. ಹದಿಮೂರೂವರೆ ಅಡಿ ಹದಿಮೂರೂವರೆಯಾಗಿಯೇ ಉಳಿಯಿತು ಅನ್ನುವಷ್ಟು ಹತ್ತಿರ. ಸೆಂಟರ್ ಫೀಲ್ಡ್‌ನ ದೀಪದ ಕಂಬವನ್ನು ಗುರುತಾಗಿ ಇಟ್ಟುಕೊಳ್ಳುವವರಿಗೆ ಈ ಸೌಲಭ್ಯ ಇಲ್ಲ. ಕಂಬ ಪಿಚರ್ ಜೊತೆ ನಡೆಯುವುದಿಲ್ಲವಲ್ಲ.

ಪಂದ್ಯದಲ್ಲಿ ಹೇಗೆ? ಆಕಾಶಕ್ಕೆ ಎತ್ತುವುದರಲ್ಲಿ ಹೆಸರಾದ ಪಿಚರ್ ಒಬ್ಬರಿಗೆ ಒಂದೇ ಇನ್ನಿಂಗ್ಸ್‌ನಲ್ಲಿ ಮೇಲಿಂದ ಮೇಲೆ ಕೂಗಿದೆ. "12 ಅಡಿ ದಾಟಿತು ಅಂತ ಹೇಗೆ ಗೊತ್ತು? ಟೇಪ್ ಇದೆಯಾ?" ಅಂದರು. ಕಾರಿನಲ್ಲಿದೆ, ಕಂಬದ ಸಮೇತ, ಅಂದೆ. ನಗು ಬಂದ ಮೇಲೆ ಜಗಳ ಮುಂದುವರಿಯಲಿಲ್ಲ, ಚೆಂಡೂ ಒಂದಡಿ ಕೆಳಗಿಳಿಯಿತು. ಅದಕ್ಕಿಂತ ಮುಖ್ಯವಾಗಿ, ಬ್ಯಾಟರ್‌ಗಳು ಈಗ ನನ್ನ ಕೂಗು ಕೇಳಿ ಬ್ಯಾಟ್ ತಡೆಯುತ್ತಿದ್ದಾರೆ. ಮೊದಲು ಅವರು ಬೀಸಿ ಮುಗಿಸಿದ ಮೇಲೆ ನನ್ನನ್ನು ತಿರುಗಿ ನೋಡುತ್ತಿದ್ದರು.

ಬಾಕಿ ಉಳಿದದ್ದು ಎರಡು. ಗಿಡ್ಡ ಪಿಚರ್‌ಗಳು: 5 ಅಡಿ 4 ಅಂಗುಲದವರು ಎಸೆದ 12 ಅಡಿಯ ಚೆಂಡು ಧಿ ಹೊತ್ತಿಗೆ ಕಾಣುವುದು ಎರಡೂವರೆ ಆಳೆತ್ತರ, ಅದನ್ನು ವಾರ್ಮ್‌ಅಪ್‌ನಲ್ಲೇ ಮನಸ್ಸಿಗೆ ಹಾಕಿಕೊಳ್ಳಬೇಕು. ಇನ್ನೊಂದು ಗಾಳಿ. ಎದುರುಗಾಳಿಯಲ್ಲಿ ಚೆಂಡು ನಿಂತು ಯೋಚಿಸಿ ಬೀಳುತ್ತದೆ, ಅದಕ್ಕೆ ನನ್ನ ಕಾಗದದ ಲೆಕ್ಕ ಒಪ್ಪುವುದಿಲ್ಲ. ಸಂಜೆ ಗಾಳಿ ಜೋರಾದಾಗ ಮತ್ತೆ ಕಂಬ ನೆಡಬೇಕು, ದೋಸೆ ಹಿಟ್ಟು ರುಬ್ಬಬೇಕು.

ಅಷ್ಟರಲ್ಲಿ ಕೈ ಬೇರೆ ಕಡೆ ತುರಿಸುತ್ತಿದೆ: ಇಂಡಿಕೇಟರ್, ಬಾಲ್ ಸ್ಟ್ರೈಕ್ ಎಣಿಸಲು ಅಂಪೈರ್ ಕೈಯಲ್ಲಿ ಹಿಡಿಯುವ ಪುಟ್ಟ ಚಕ್ರಗಳ ಡಬ್ಬಿ. ನಮ್ಮಲ್ಲಿ ಕೌಂಟ್ ಶುರುವಾಗುವುದೇ 1-1ರಿಂದ (ಒಂದು ಬಾಲ್, ಒಂದು ಸ್ಟ್ರೈಕ್). ನಾನು ನೋಡಿದ ಇಂಡಿಕೇಟರ್‌ಗಳೆಲ್ಲ 0-0ಗೆ ಬರುತ್ತವೆ, ಪ್ರತಿ ಬ್ಯಾಟರ್‌ಗೂ ಎರಡು ಚಕ್ರ ಒಂದೊಂದು ಹಲ್ಲು ತಿರುಗಿಸುವ ದಂಡ ಕೆಲಸ. ಜೊತೆಗೆ ಎರಡು ಸ್ಟ್ರೈಕ್ ಆದ ಮೇಲೆ ಒಂದು ಫೌಲ್ (ಗೆರೆಯಾಚೆ ಹೋದ ಹೊಡೆತ) ಮಾಫಿ, ಅದನ್ನು ಗುರುತು ಹಾಕಲು ಜಾಗವೇ ಇಲ್ಲ. ಈಗ ಎಡಗಾಲಿನ ಶೂ ತುದಿಯಿಂದ ಮಣ್ಣಿನಲ್ಲಿ ಗೀಟು ಎಳೆಯುತ್ತೇನೆ, ಕ್ಯಾಚರ್ ಅಳಿಸುತ್ತಾನೆ. 3ಡಿ ಪ್ರಿಂಟರ್‌ನಲ್ಲಿ ಮೊದಲ ಮಾದರಿ ತೆಗೆದಿದ್ದೇನೆ: ನಾಲ್ಕು ಚಕ್ರ, ನಾಲ್ಕನೆಯದು ಫೌಲ್‌ಗೆ, ಹೆಬ್ಬೆರಳಿನಿಂದ ಒಮ್ಮೆ ಒತ್ತಿದರೆ ಬಾಲ್ ಸ್ಟ್ರೈಕ್ ಎರಡೂ 1ಕ್ಕೆ ಬಂದು ಕೂರಬೇಕು. ಚಕ್ರ ತಿರುಗುತ್ತದೆ, ಕ್ಲಿಕ್ ಬರುವುದಿಲ್ಲ. ಕ್ಲಿಕ್ ಇಲ್ಲದ ಇಂಡಿಕೇಟರ್ ಜೇಬಿಗೆ ಹಾಕಿದರೆ ತಾನೇ ಎಣಿಸುತ್ತದೆ. ಬಾಲ್‌ಪೆನ್ ಸ್ಪ್ರಿಂಗ್ ಕತ್ತರಿಸಿ ಹಾಕಿದೆ, ಮೆದು. ಹೊಸದಾಗಿ ತರಿಸಿದ ಸ್ಪ್ರಿಂಗ್ ಪೊಟ್ಟಣದ ಮೇಲೆ 4 ಮಿ.ಮೀ. ಅಂತ ಬರೆದಿದೆ, ಒಳಗಿರುವುದು 6. 4 ಮಿ.ಮೀ. ವ್ಯಾಸದ ಗಟ್ಟಿ ಸ್ಪ್ರಿಂಗ್ ಚಿಲ್ಲರೆಯಾಗಿ ಎಲ್ಲಿ ಸಿಗುತ್ತದೆ ಅಂತ ಗೊತ್ತಿದ್ದವರು ದಯವಿಟ್ಟು ಹೇಳಿ. ನೂರರ ಪೊಟ್ಟಣ ಬೇಡ, ಮನೆಯಲ್ಲಿ ಈಗಾಗಲೇ ಒಂದಿದೆ.